ಸಂಗೊಳ್ಳಿ ಕ್ರಾಸಿನಿಂದ ಒಂದು ತಲೆ ಹೆಚ್ಚು

ಫೆಬ್ರುವರಿ ೩, ಸೋಮವಾರ

ಇದು ದಿನಚರಿ ಅಲ್ಲ. ದಿನಚರಿ ಬರೆಯುವಷ್ಟು ಪುರುಸೊತ್ತು ನನಗಿಲ್ಲ, ಬರೆದಿಡುವಂಥ ಬದುಕೂ ನನ್ನದಲ್ಲ. ಇದು ನಾಯಿಯ ಉಚ್ಚೆಯ ಲೆಕ್ಕ.

ದನದ ದವಾಖಾನೆಯ ಡಾಕ್ಟರ್ ಸಪ್ನಾ ಇವತ್ತು ಹೇಳಿದಳು: "ಅಕ್ಕಾರ, ದಿನಾ ಬರದಿಡ್ರಿ. ಎಷ್ಟ ಸಲ ಕುಂತು, ಯಾವ ಬಣ್ಣ, ಎಷ್ಟ ನೀರ ಕುಡೀತು. ಬಾಯಿಲೆ ಹೇಳಿದ್ರ ಯಾರೂ ಖರೆ ಹೇಳೂದಿಲ್ಲ." ಹದಿನೆಂಟು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡುತ್ತಿರುವವಳಿಗೆ ಲೆಕ್ಕ ಬರೆಯುವುದನ್ನು ಕಲಿಸಲು ಬಂದಿದ್ದಾಳೆ. ಇರಲಿ. ಹಳೆಯ ನೋಟ್‌ಬುಕ್ಕಿನ ಹಿಂಭಾಗ ಖಾಲಿ ಇತ್ತು, ಅದರಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದೆ. ಅಂಗಳದಲ್ಲಿ ಏಳು ಸಲ ಕುಂತಿತು. ಏಳೂ ಸಲ ಸೇರಿ ಬಂದದ್ದು ಒಂದು ಚಮಚ, ಅದೂ ಕೆಂಪು. ಕುಂತಾಗ ಕುಂಯ್‌ಗುಡುತ್ತದೆ, ಎದ್ದು ತನ್ನನ್ನೇ ನೆಕ್ಕಿಕೊಳ್ಳುತ್ತದೆ. ಡ್ಯೂಟಿ ಮುಗಿಸಿ ಬಂದಾಗ ಕೋಣೆಯಲ್ಲಿ ಹನ್ನೊಂದು ಕಡೆ ಹನಿ. ನಾಲ್ಕು ದಿನ ಹೊಡೆದೆ. ಇವತ್ತು ಡಾಕ್ಟರ್ ಹುಡುಗಿ ಬೈದಳು: "ಅದು ಹಟಾ ಮಾಡಾಕತ್ತಿಲ್ರಿ. ಮೂತ್ರಕೋಶಕ್ಕ ಸೋಂಕ ಆಗೇತಿ, ಉರೀತೈತಿ ಅದಕ್ಕ. ಏಳ ತಿಂಗಳ ಹೆಣ್ಣ ಮರಿ, ಹೊಡದ್ರ ಏನ್ ತಿಳೀತೈತಿ? ನೀರ ಎಷ್ಟ ಕುಡೀತೈತಿ ದಿನಕ್ಕ?"

ನೀರಿನ ಬಟ್ಟಲು ಎತ್ತಿಟ್ಟು ಹೋಗುತ್ತೇನೆ ಎಂದು ಹೇಳಲಿಲ್ಲ. ನಾನು ನಸುಕಿನ ನಾಲ್ಕರಿಂದ ಮಧ್ಯಾಹ್ನ ಮೂರರವರೆಗೆ ಒಂದು ಗುಟುಕೂ ಮುಟ್ಟುವುದಿಲ್ಲ. ರಾಮದುರ್ಗ ಬಿಟ್ಟರೆ ಸವದತ್ತಿ, ಬೈಲಹೊಂಗಲ, ಕಿತ್ತೂರು, ಮತ್ತೆ ಅದೇ ದಾರಿ. ಎಲ್ಲೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಿಂತಲ್ಲಿ ಒಂದಕ್ಕೆ ಹೋಗೋಣವೆಂದರೆ ಒಂದು ಕಡೆ ಕೀಲಿ, ಇನ್ನೊಂದು ಕಡೆ ಮೂಗು ಮುಚ್ಚಿದರೂ ಸಾಲದು. ಕುಡಿಯದಿದ್ದರೆ ಹೋಗುವ ಪ್ರಶ್ನೆಯೇ ಇಲ್ಲ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ನಾನು ಮೊದಲು ಕಲಿಸುವ ಪಾಠ ಇದು. ನಾನು ಹನ್ನೊಂದು ತಾಸು ತಡೆಯಬಲ್ಲೆ, ಈ ನಾಯಿಗೇನು ಧಾಡಿ ಅಂದುಕೊಂಡಿದ್ದೆ.

"ಮೊದ್ಲ ಮನ್ಯಾಗ ಏನರೆ ಗುಳಿಗಿ ಹಾಕೀರೇನ್ರಿ?" ಅಂತಲೂ ಕೇಳಿದಳು. ಇಲ್ಲ ಅಂದೆ.

ಗುಳಿಗೆ ಕೊಟ್ಟಿದ್ದಾಳೆ. ಏಳು ದಿನ, ಎರಡು ಹೊತ್ತು. ಆರಾಮಾದಂತೆ ಕಂಡರೂ ನಿಲ್ಲಿಸಬಾರದಂತೆ.

ಫೆಬ್ರುವರಿ ೪, ಮಂಗಳವಾರ

ಉಚ್ಚೆಯ ಸ್ಯಾಂಪಲ್ ಬೇಕಂತೆ. ನಸುಕಿನಲ್ಲಿ ಸಾರಿನ ಸೌಟು ಹಿಡಿದು ನಾಯಿಯ ಹಿಂದೆ ಬಗ್ಗಿಕೊಂಡು ಓಡಾಡಿದೆ. ಅದು ಕುಂತರೆ ನಾನು ಕುಂತೆ, ಅದು ಎದ್ದರೆ ನಾನು ಎದ್ದೆ. ಎದುರಿನ ಮನೆಯವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಅರ್ಧ ಡಬ್ಬಿ ಸಿಕ್ಕಿತು. ಆ ಸೌಟನ್ನು ಇನ್ನು ಅಡುಗೆಗೆ ಬಳಸುವಂತಿಲ್ಲ.

ನೀರು: ಮೂರು ಬಟ್ಟಲು. ಕುಂತದ್ದು: ಹದಿನಾಲ್ಕು ಸಲ. ಬಣ್ಣ: ತೊಳೆದ ಅಕ್ಕಿನೀರಿಗೆ ಕುಂಕುಮ ಬಿದ್ದಂತೆ.

ಫೆಬ್ರುವರಿ ೬, ಗುರುವಾರ

ಎರಡು ದಿನ ಬರೆಯದೆ ಇಟ್ಟಿದ್ದನ್ನು ಇವತ್ತು ಬರೆಯುತ್ತೇನೆ. ನಾಯಿಗೆ ಸಂಬಂಧವಿಲ್ಲ. ಸಂಬಂಧ ಇದ್ದರೂ ಇರಬಹುದು.

ಕಿತ್ತೂರಿನಿಂದ ವಾಪಸ್ಸು ಬರುವಾಗ ಸಂಗೊಳ್ಳಿ ಕ್ರಾಸ್ ದಾಟಿದ ಮೇಲೆ ತಲೆ ಎಣಿಸುತ್ತೇನೆ. ಅದು ನನ್ನ ರೂಢಿ. ಟಿಕೆಟ್ ಮಷೀನಿನಲ್ಲಿ ಮೂವತ್ತಾರು, ಬಸ್ಸಿನಲ್ಲಿ ಮೂವತ್ತೇಳು. ಮತ್ತೆ ಎಣಿಸಿದೆ. ಮೂವತ್ತೇಳು. ಹೆಂಗಸರ ಕಡೆ ಒಂದು ತಲೆ ಹೆಚ್ಚು. ಒಬ್ಬೊಬ್ಬರ ಚೀಟಿ ನೋಡುತ್ತಾ ಬಂದರೆ ಎಲ್ಲರ ಕೈಯಲ್ಲೂ ಚೀಟಿ ಇದೆ. ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಜನ ಇಳಿದರೆ ಲೆಕ್ಕ ತಾನೇ ಸರಿಹೋಗುತ್ತದೆ.

ಒಂದು ದಿನ ಆದರೆ ಕಣ್ಣಿನ ದೋಷ ಅನ್ನಬಹುದು. ಈ ನಾಯಿ ಮನೆಗೆ ಬಂದಾಗಿನಿಂದ ಹೀಗೇ ಆಗುತ್ತಿದೆ, ಹದಿನೈದು ದಿನವಾಯಿತು.

ನಮ್ಮ ಕೆಲಸದವಳೇ ಒಬ್ಬ ಹುಡುಗಿ ದಿನಾ ಹತ್ತುತ್ತಿದ್ದದ್ದು ಸಂಗೊಳ್ಳಿ ಕ್ರಾಸಿನಲ್ಲೇ. ಬೈಲಹೊಂಗಲದಲ್ಲಿ ಇಳಿದು ಅವಳ ಡ್ಯೂಟಿಗೆ ಹೋಗುತ್ತಿದ್ದಳು. ನನ್ನ ಕೈಕೆಳಗೇ ಹದಿನೈದು ದಿನ ಕಂಡಕ್ಟರಿಕೆ ಕಲಿತವಳು. ನವೆಂಬರಿನಲ್ಲಿ ತೀರಿಹೋದಳು. ಇಪ್ಪತ್ತಾರು ವರ್ಷ. ಈ ನಾಯಿ ಅವಳದ್ದೇ. ಸೀಟಿ ಅಂತ ಹೆಸರು ಅವಳೇ ಇಟ್ಟದ್ದು. ಜನವರಿಯಲ್ಲಿ ಅವಳ ತಾಯಿ ತಾಯವ್ವ ಕ್ರಾಸಿನಲ್ಲಿ ಕಾಯ್ದು ನಿಂತು ಬಸ್ಸಿನ ಬಾಗಿಲಲ್ಲಿ ನಾಯಿಯನ್ನು ನನ್ನ ಕೈಗೆ ಕೊಟ್ಟಳು. "ಆಕೀ ಹಾಸಿಗಿ ಮ್ಯಾಲ ಹೋಗಿ ಹೋಗಿ ಒಂದಕ ಮಾಡತೈತ್ರಿ ಬಾಯಾರ. ನನ್ನ ಕಡೆ ನೋಡಾಕ ಆಗವಲ್ದು. ನಿಮಗ ಅಕ್ಕಾ ಅಕ್ಕಾ ಅಂತಿದ್ಲು, ನೀವ ಒಯ್ರಿ." ಅಷ್ಟೇ ಹೇಳಿದಳು. ಆಯಿತು ಎಂದು ಸೀಟಿ ಊದಿದೆ. ಅವಳ ಮುಖ ನೋಡಲಿಲ್ಲ.

ಅವಳ ಮನೆಗೆ ಮಾತಾಡಿಸಲು ನಾನು ಹೋಗಿಲ್ಲ. ಸತ್ತ ಮನೆಗೆ ಶತ್ರುಗಳೂ ಒಮ್ಮೆ ಹೋಗಿ ಕುಳಿತು ಬರುತ್ತಾರೆ. ಡಿಪೋದವರೆಲ್ಲ ಹೋಗಿಬಂದರು. ನನಗೆ ರಜೆ ಸಿಗಲಿಲ್ಲ ಅಂದೆ. ರಜೆ ಕೇಳಿರಲಿಲ್ಲ.

ಈ ನಾಯಿ ಸಾಯಬಾರದು. ಇದೊಂದು ನನ್ನ ಕೈಯಲ್ಲಿ ಸಾಯಬಾರದು.

ಫೆಬ್ರುವರಿ ೮, ಶನಿವಾರ

ಉಚ್ಚೆ ನೀರಿನಷ್ಟು ತಿಳಿ. ಐದೇ ಸಲ ಕುಂತಿತು, ಧಾರಾಳವಾಗಿ ಮಾಡಿತು. ಕೋಣೆ ಒಣಗಿದೆ. ಕುಣಿದಾಡಿ ನನ್ನ ಚಪ್ಪಲಿ ಕಡಿಯಿತು.

ಗುಳಿಗೆ ಐದು ದಿನಕ್ಕೇ ನಿಲ್ಲಿಸಿದೆ. ಆರಾಮಾದ ಮೇಲೆ ಮತ್ತೇಕೆ? ಉಳಿದವು ಪರ್ಸಿಗೆ ಹಾಕಿಕೊಂಡೆ, ಯಾರಿಗಾದರೂ ಬೇಕಾಗುತ್ತವೆ. ನಾಳೆಯಿಂದ ಬಟ್ಟಲು ಮತ್ತೆ ಅಟ್ಟಕ್ಕೆ. ಕೋಣೆ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಗಿದೆ. ಬೆನ್ನಿನ ಎಡಗಡೆ ಒಂದೇ ಸಮ ನೋವು, ಮಧ್ಯಾಹ್ನ ಇಂಥ ಬಿಸಿಲಲ್ಲೂ ಮೈ ಝುಂ ಅನ್ನುತ್ತದೆ. ಈ ಬಸ್ಸಿನ ಸೀಟು ಕೆಟ್ಟದ್ದು.

ತಲೆ: ಒಂದು ಹೆಚ್ಚು.

ಫೆಬ್ರುವರಿ ೧೨, ಬುಧವಾರ

ಇವತ್ತು ಭಾರತ ಹುಣ್ಣಿಮೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಬರುವವರು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಂಗಸರಿಗೆ ಪುಕ್ಕಟೆಯಾದರೂ ಶೂನ್ಯದ ಟಿಕೆಟ್ ಕೊಡಲೇಬೇಕು. ಒಬ್ಬಳಿಗೆ ತಪ್ಪಿದರೂ ಚೆಕ್ಕಿಂಗಿನವರು ನನಗೆ ಮೆಮೊ ಕೊಡುತ್ತಾರೆ.

ಸಂಗೊಳ್ಳಿ ಕ್ರಾಸಿನ ನಂತರ ಎಣಿಸಿದೆ. ಅರವತ್ತೆಂಟಕ್ಕೆ ಅರವತ್ತೊಂಬತ್ತು. ಎರಡನೇ ಸಲವೂ ಅಷ್ಟೇ. ಗಂಟಲು ಒಣಗಿ ನಾಲಿಗೆ ಅಂಟಿಕೊಂಡಿತ್ತು. ಬಾಗಿಲ ಹಿಂದಿನ ಎರಡನೇ ಸೀಟಿನ ಕಿಟಕಿ ಕಡೆ ನೋಡಲೇ ಇಲ್ಲ. ಮಷೀನಿನಲ್ಲಿ ಒಂದು ಶೂನ್ಯದ ಟಿಕೆಟ್ ಒತ್ತಿದೆ: ಸಂಗೊಳ್ಳಿ ಕ್ರಾಸಿನಿಂದ ಬೈಲಹೊಂಗಲ. ಚೀಟಿ ಹೊರಗೆ ಬಂತು. ಹರಿದು ಆ ಸೀಟಿನ ಮೇಲಿನ ಸರಳಿಗೆ ಸಿಕ್ಕಿಸಿದೆ.

ಲೆಕ್ಕ ಸರಿಹೋಯಿತು. ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂತು.

ಫೆಬ್ರುವರಿ ೧೩, ಗುರುವಾರ

ಮತ್ತೆ ಕೆಂಪು. ಇಪ್ಪತ್ತು ಸಲ ಕುಂತಿತು.

ಫೆಬ್ರುವರಿ ೧೫, ಶನಿವಾರ

ದಿನಾ ಆ ಟಿಕೆಟ್ ಹರಿಯುತ್ತಿದ್ದೆ. ಇವತ್ತು ಬೈಲಹೊಂಗಲ ಇನ್ನೂ ಮೂರು ಕಿಲೋಮೀಟರ್ ಇರುವಾಗ ಚೆಕ್ಕಿಂಗಿನವರು ಹತ್ತಿದರು. ಇಬ್ಬರು. ಅವರೂ ಎಣಿಸಿದರು. ಟಿಕೆಟ್ ನಲವತ್ತನಾಲ್ಕು, ತಲೆ ನಲವತ್ತಮೂರು.

"ಎಲ್ಲೈತ್ರಿ ಈ ಹೆಂಗಸು? ಯಾರಿಗೆ ಹರದೀರಿ ಇದನ್ನ?"

ಬಾಯಿಗೆ ಹೆಸರು ಬಂದುಬಿಟ್ಟಿತ್ತು. ನುಂಗಿಕೊಂಡೆ. ಡ್ರೈವರ್ ಶಟ್ಟೆಪ್ಪ ಸಾಲಹಳ್ಳಿಯವನು, ಆರು ವರ್ಷದಿಂದ ನನ್ನ ಜೊತೆ ಇದ್ದಾನೆ. ಅವನು ಹಿಂದೆ ತಿರುಗಿ, "ಮಷೀನ್ ಕೆಟ್ಟೈತ್ರಿ ಸಾಹೇಬ್ರ, ನಿನ್ನೆ ನನ್ನ ಮುಂದನ ಎರಡೆರಡ ಹೊಡೀತು" ಎಂದು ಸುಳ್ಳು ಹೇಳಿದ. ಅವರು ಕೇಳಲಿಲ್ಲ. ಇಲ್ಲದ ಹೆಂಗಸಿಗೆ ಟಿಕೆಟ್ ಹರಿದದ್ದಕ್ಕೆ ಮೆಮೊ. ಹದಿನೆಂಟು ವರ್ಷದಲ್ಲಿ ಇದೇ ಮೊದಲು.

ಅವರು ಇಳಿದ ಮೇಲೆ ಶಟ್ಟೆಪ್ಪ ಕೇಳಿದ: "ಅಕ್ಕಾರ, ಪೂನಮ್ ಕುಂದ್ರತಿದ್ದ ಸೀಟಿಗೆ ಚೀಟಿ ಸಿಗಸಾಕತ್ತೀರಿ. ಮೂರ ದಿನಾ ಆತು, ಕನ್ನಡ್ಯಾಗ ನೋಡಾಕತ್ತೇನಿ."

"ಮುಂದ ನೋಡಿ ಗಾಡಿ ಹೊಡಿ ಶಟ್ಟೆಪ್ಪಣ್ಣ" ಅಂದೆ.

ಫೆಬ್ರುವರಿ ೧೮, ಮಂಗಳವಾರ

ನಾಯಿ ನಿನ್ನೆಯಿಂದ ರೊಟ್ಟಿ ಮುಟ್ಟಿಲ್ಲ. ಮೈ ಕೆಂಡ. ಮುಟ್ಟಿದರೆ ಹೊಟ್ಟೆ ಬಿಗಿಹಿಡಿಯುತ್ತದೆ. ರಜೆ ಹಾಕಿ ಟವೆಲಿನಲ್ಲಿ ಸುತ್ತಿಕೊಂಡು ದವಾಖಾನೆಗೆ ಓಡಿದೆ.

ಡಾಕ್ಟರ್ ಸಪ್ನಾ ನನ್ನ ನೋಟ್‌ಬುಕ್ ಕೇಳಿದಳು. ಲೆಕ್ಕದ ಹಾಳೆಗಳನ್ನಷ್ಟೇ ತೋರಿಸಿದೆ. "ಎಂಟನೇ ತಾರೀಖಿನ್ಯಾಗ ಗುಳಿಗಿ ನಿಂತಾವ. ಏಳ ದಿನಾ ಅಂದಿದ್ನೆಲ್ರಿ?" ಅವಳು ಹೊಟ್ಟೆಯ ಫೋಟೊ ತೆಗೆಸಿದಳು, ಕಲ್ಲು ಇಲ್ಲವಂತೆ. ಹುಟ್ಟಿನಿಂದ ಬಂದ ದೋಷವೂ ಕಾಣುವುದಿಲ್ಲ. ಈ ಸಲ ಸೂಜಿಯಿಂದಲೇ ಉಚ್ಚೆ ತೆಗೆದು ಲ್ಯಾಬಿಗೆ ಕಳಿಸಿದ್ದಾಳೆ. ಯಾವ ಹುಳ, ಯಾವ ಔಷಧಕ್ಕೆ ಸಾಯುತ್ತದೆ ಅನ್ನುವುದನ್ನು ಅಲ್ಲಿ ಬೆಳೆಸಿ ನೋಡುತ್ತಾರಂತೆ. ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಸಲೈನ್, ಜ್ವರಕ್ಕೆ ಇಂಜೆಕ್ಷನ್.

"ಕಿಡ್ನಿಗೆ ಏರಿದ್ರ ಕಷ್ಟ ಆಗತೈತ್ರಿ" ಅಂದಳು.

ಇದೇ ಮಾತನ್ನು ನವೆಂಬರಿನಲ್ಲಿ ಪೂನಮ್ ಬಗ್ಗೆ ಡಿಪೋದಲ್ಲಿ ಕೇಳಿದ್ದೆ. ಅದೇ ಶಬ್ದ, ಅದೇ ತಣ್ಣನೆಯ ದನಿ. ಮೇಜಿನ ಮೇಲೆ ಮಲಗಿದ್ದ ನಾಯಿ ಬಾಗಿಲ ಕಡೆ ತಲೆಯೆತ್ತಿ ಬಾಲ ಅಲ್ಲಾಡಿಸಿತು. ನನಗೆ ಹಿಂದೆ ತಿರುಗಲು ಧೈರ್ಯ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಫೆಬ್ರುವರಿ ೨೦, ಗುರುವಾರ

ಎರಡು ಚಮಚ ಗಂಜಿ. ಕಣ್ಣು ಬಿಡುತ್ತದೆ, ಮುಚ್ಚುತ್ತದೆ. ಹೋಗಬ್ಯಾಡ, ಹೋಗಬ್ಯಾಡ ಅಂತ ಕಿವಿಯಲ್ಲಿ ಹೇಳಿದೆ. ಯಾರಿಗೆ ಹೇಳಿದೆನೋ.

ಫೆಬ್ರುವರಿ ೨೨, ಶನಿವಾರ

ರಿಪೋರ್ಟ್ ಬಂತು. ಡಾಕ್ಟರ್ ಸಪ್ನಾ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದಳು.

"ನಾ ಕೊಟ್ಟ ಗುಳಿಗಿ ಈ ಹುಳಕ್ಕ ನಾಟೂದಿಲ್ಲ. ಇನ್ನೂ ಒಂದೈತಿ, ಮಂದಿ ನುಂಗೂವಂಥಾದ್ದು, ಅದಕ್ಕೂ ಸಾಯವಲ್ದು. ಏಳ ತಿಂಗಳ ಮರಿಗೆ ಇದ ಹೆಂಗ ಬಂತು? ಯಾರೋ ಅರ್ಧಂಬರ್ಧ ಹಾಕ್ಯಾರ. ನನ್ನ ಕಡೆ ಬರೂ ಮೊದಲ. ಹೌದಲ್ರಿ?"

ಹೌದು ಅಂದೆ. ಪರ್ಸಿನಿಂದ ನಾವು ನುಂಗುವ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಮೂರು ದಿನ ಅರ್ಧರ್ಧ ಗುಳಿಗೆ ರೊಟ್ಟಿಯಲ್ಲಿ ಮುಚ್ಚಿ ಹಾಕಿದ್ದೆ, ನೀರು ಎತ್ತಿಟ್ಟಿದ್ದೆ ಎಂದು ಹೇಳಿದೆ. ಅವಳು ಬೈಯಲು ಶುರುಮಾಡಿದಳು. ಮನುಷ್ಯರ ಗುಳಿಗೆ ನಾಯಿಗೆ ಹಾಕಬಾರದೆಂದು, ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ಹುಳವೇ ಗಟ್ಟಿಯಾಗಿ ಬೆಳೆಯುತ್ತದೆಂದು, ನೀರಿಲ್ಲದಿದ್ದರೆ ಅದು ಒಳಗೇ ಕುದಿಯುತ್ತದೆಂದು. ನಾನು ಒಂದೂ ಮಾತು ತಪ್ಪದೆ ಕೇಳಿದೆ. ಆಮೇಲೆ ಕೇಳಿಬಿಟ್ಟೆ: "ಮನಶ್ಯಾರಿಗೂ ಹಿಂಗ ಅಕ್ಕೈತೇನ್ರಿ?"

ಅಲ್ಲಿಂದ ಉಳಿದದ್ದೂ ಬಂದುಬಿಟ್ಟಿತು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಪೂನಮ್ ಬಸ್ಸಿನಲ್ಲಿ ನನ್ನ ಪಕ್ಕ ನಿಂತು ಕಿವಿಯಲ್ಲಿ, "ಅಕ್ಕಾ, ಭಾಳ ಉರೀತೈತಿ, ಹನಿಹನಿ ಬರತೈತಿ" ಅಂದಳು. ನಾನು ನಕ್ಕೆ. ಕಂಡಕ್ಟರ್ ಆದಿ ನೋಡು ಈಗ, ಅಂದೆ. ಪರ್ಸಿನಿಂದ ನಾಲ್ಕು ಗುಳಿಗೆ ಕೊಟ್ಟೆ. ಎರಡು ದಿನ ನುಂಗು, ಡ್ಯೂಟಿಯಲ್ಲಿ ನೀರು ಕುಡಿಯಬೇಡ ಅಂದೆ. ಹೋಯಿತು ಅಂದಳು. ಎಂಟು ದಿನಕ್ಕೆ ಮತ್ತೆ ಬಂತು. ಇನ್ನೊಬ್ಬಳ ಪಟ್ಟಿಯಿಂದ ಮೂರು ಇಸಿದುಕೊಟ್ಟೆ. ನಮ್ಮಲ್ಲಿ ಎಲ್ಲರೂ ಹಾಗೇ. ಒಬ್ಬಳ ಅರ್ಧ ಪಟ್ಟಿ ಇನ್ನೊಬ್ಬಳಿಗೆ, ಅವಳ ಅರ್ಧ ಮತ್ತೊಬ್ಬಳಿಗೆ. ದವಾಖಾನೆಗೆ ಹೋಗಿ ಗಂಡು ಡಾಕ್ಟರ ಮುಂದೆ ಇದನ್ನು ಹೇಳುವವರು ಯಾರು? ದೀಪಾವಳಿ ಆದ ಮೇಲೆ ಚಳಿಜ್ವರ ಅಂತ ಮಲಗಿದಳು. ಹತ್ತೊಂಬತ್ತನೇ ತಾರೀಖಿಗೆ ಸುದ್ದಿ ಬಂತು. ಕಿಡ್ನಿಗೆ ಏರಿ ರಕ್ತಕ್ಕೆ ಇಳಿದಿತ್ತಂತೆ.

ಡಾಕ್ಟರ್ ಸಪ್ನಾ ನಾಯಿಯ ಕಿವಿ ಸವರಿದಳು. "ನಾಯಿದು ಏನರೆ ಹೇಳಬಲ್ಲೆ ಅಕ್ಕಾರ. ಆ ಹುಡುಗೀದು ನನಗ ಗೊತ್ತಿಲ್ಲ. ನಿಮ್ಮಿಂದ ಆತು ಅಂತಾನೂ ಹೇಳಾಕ ಬರೂದಿಲ್ಲ, ಅಲ್ಲ ಅಂತಾನೂ ಬರೂದಿಲ್ಲ. ಇದನ್ನ ಕೇಳಬೇಕಾದಾಕಿ ನಾನಲ್ಲ."

ಹೊಸ ಔಷಧ. ಹದಿನಾಲ್ಕು ದಿನ. ನೀರು ಸದಾ ಮುಂದಿರಬೇಕು. ಮೂರು ತಾಸಿಗೊಮ್ಮೆ ಹೊರಗೆ ಬಿಡಬೇಕು. ಡ್ಯೂಟಿ ಇರುತ್ತದೆ, ಹೇಗೆ ಅಂದೆ. "ಬಸ್ಸಿನ್ಯಾಗ ಒಯ್ರಿ" ಅಂದಳು, ಅದೇನು ದೊಡ್ಡ ಮಾತು ಅನ್ನುವ ಹಾಗೆ.

ಫೆಬ್ರುವರಿ ೨೪, ಸೋಮವಾರ

ನಾಯಿಗೂ ಟಿಕೆಟ್ ಉಂಟು ನಮ್ಮಲ್ಲಿ. ಹರಿದೆ. ಶಟ್ಟೆಪ್ಪ ಗೊಣಗಲಿಲ್ಲ, ತನ್ನ ಹಿಂದೆ ಗೋಣಿಚೀಲ ಹಾಸಿದ.

ನಾಯಿ ಗೋಣಿಚೀಲದ ಮೇಲೆ ಕೂರಲೇ ಇಲ್ಲ. ಸೋತ ಕಾಲು ಎಳೆದುಕೊಂಡು ಬಾಗಿಲ ಹಿಂದಿನ ಎರಡನೇ ಸೀಟಿಗೆ ಹೋಗಿ ಕಿಟಕಿ ಕಡೆಯ ಕಾಲಡಿಯಲ್ಲಿ ಸುತ್ತಿ ಮಲಗಿತು. ಆ ಸೀಟಿನಲ್ಲಿ ಆಗ ಯಾರೂ ಇರಲಿಲ್ಲ. ತೊರಗಲ್ಲಿನಲ್ಲಿ ಹತ್ತಿದ ಹೆಂಗಸರು ಬಸ್ಸು ತುಂಬಿದರೂ ಅಲ್ಲಿ ಕೂರಲಿಲ್ಲ. ನಾಯಿಗೆ ಹೆದರಿದರೋ ಏನೋ. ಸಂಗೊಳ್ಳಿ ಕ್ರಾಸಿನಲ್ಲಿ ಅದು ಎದ್ದು ನಿಂತು ಬಾಗಿಲನ್ನು ನೋಡಿತು. ಬಾಲ ಆಡಿಸಿತು. ಮತ್ತೆ ಮಲಗಿತು, ಮೂತಿಯನ್ನು ಯಾರದೋ ಪಾದದ ಮೇಲಿಟ್ಟಂತೆ.

ನನಗೆ ಅಳು ಬಂತು. ಹೆದರಿಕೆ ಅಲ್ಲ, ಅಳು.

ಫೆಬ್ರುವರಿ ೨೬, ಬುಧವಾರ

ಇನಾಮಹೊಂಗಲದ ಕಡೆ ಹೋಗುವ ದಾರಿ ದಾಟಿದ ಮೇಲೆ ನಾಯಿ ಕುಂಯ್ ಅಂದಿತು. ಸೀಟಿ ಊದಿ ಬಸ್ಸು ನಿಲ್ಲಿಸಿದೆ. ಜಾಲಿ ಕಂಟಿಯ ಹತ್ತಿರ ಕರೆದುಕೊಂಡು ಹೋದೆ. ತಿರುಗಿ ನೋಡಿದರೆ ಮುದುಕಿಯೊಬ್ಬಳು ಸೀರೆ ಎತ್ತಿ ಹಿಡಿದು ಇಳಿಯುತ್ತಿದ್ದಾಳೆ. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಕಾಲೇಜಿನ ಮೂವರು. ಒಟ್ಟು ಹನ್ನೊಂದು ಜನ ಹೆಂಗಸರು ಕಂಟಿಯ ಆಚೆ ಹೋದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುದುಕಿ ವಾಪಸ್ಸು ಬರುವಾಗ ನಾಯಿಯ ತಲೆ ಸವರಿ, "ಪುಣ್ಯಾ ಬರಲೆವ್ವಾ ನಿನಗ" ಅಂದಳು. ನಾಯಿಗೆ ಹೇಳಿದ್ದು.

"ಇಷ್ಟ ಮಂದಿ ತಡಕೊಂಡ ಕುಂತಿದ್ರೇನ್ರಿ?" ಶಟ್ಟೆಪ್ಪ ಬಾಯಿ ತೆರೆದ. ಆರು ವರ್ಷ ಒಟ್ಟಿಗೆ ಗಾಡಿ ಓಡಿಸಿದ್ದೇವೆ. ನಾನೂ ತಡೆದುಕೊಂಡೇ ಇದ್ದೆ ಎಂದು ಅವನಿಗೆ ಹೇಳಬೇಕೆನ್ನಿಸಿತು. ನಾನೂ ಕಂಟಿಯ ಆಚೆ ಹೋಗಿಬಂದೆ. ಏಳು ನಿಮಿಷ ತಡ.

ಮಾರ್ಚ್ ೧, ಶನಿವಾರ

ಸೀಟಿ ಒಂದು ರೊಟ್ಟಿ ತಿಂದಳು. ಆರು ಸಲ ಕುಂತಳು. ಹಳದಿ, ಕೆಂಪಿಲ್ಲ. ದೊಡ್ಡ ಬಾಟಲಿ ತುಂಬಿಸಿ ಒಯ್ಯುತ್ತೇನೆ. ಅವಳ ಬಟ್ಟಲಿಗೆ ಹಾಕಿ ಉಳಿದದ್ದನ್ನು ಚೆಲ್ಲುವ ಬದಲು ನಾನೇ ಕುಡಿಯುತ್ತೇನೆ.

ಔಷಧ ಎಂಟನೇ ದಿನ. ಇನ್ನು ಆರು.

ತಲೆ ಇನ್ನೂ ಒಂದು ಹೆಚ್ಚೇ. ಟಿಕೆಟ್ ಹರಿಯುವುದಿಲ್ಲ. ಬೆಳಿಗ್ಗೆ ಕ್ರಾಸಿನಲ್ಲಿ ಪೂನಮ್‌ಗೆ ಬಾ ಅಂದೆ.

ಮಾರ್ಚ್ ೮, ಶನಿವಾರ

ಹದಿನಾಲ್ಕೂ ದಿನ ಮುಗಿಯಿತು, ಒಂದು ಹೊತ್ತೂ ತಪ್ಪಿಸಲಿಲ್ಲ. ಒಂಬತ್ತನೆಯ ದಿನ ತಿಳಿಯಾಯಿತು, ಆದರೂ ನಿಲ್ಲಿಸಲಿಲ್ಲ. ಡಾಕ್ಟರ್ ಸಪ್ನಾ ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಅಂದಳು. ಸ್ಯಾಂಪಲ್ಲಿಗೆ ಅಂತ ಡಬ್ಬಿ ಕೊಡುವಾಗ ಎರಡು ಕೊಟ್ಟಳು.

"ಎರಡ್ಯಾಕ್ರಿ?"

"ಒಂದ ನಿಮಗ. ಬಂದಾಗೆಲ್ಲ ಬೆನ್ನ ಹಿಡಕೊಂಡ ನಿಂದ್ರತೀರಿ. ಎದರಿಗೆ ಮಂದಿ ಲ್ಯಾಬ್ ಐತಿ. ಲೇಡಿ ಡಾಕ್ಟರು ಅದಾರ. ಸೌಟ ಬ್ಯಾಡ್ರಿ, ನಿಮಗ ನೀವ ಹಿಡೀಬಹುದು."

ಕೋತಿ ಹುಡುಗಿ. ನಕ್ಕುಬಿಟ್ಟೆ. ಕೊಟ್ಟುಬಂದೆ.

ಮಾರ್ಚ್ ೧೧, ಮಂಗಳವಾರ

ನನ್ನದರಲ್ಲೂ ಹುಳ. ಹತ್ತು ದಿನದ ಗುಳಿಗೆ. ನುಂಗುತ್ತಿದ್ದೇನೆ. ಪರ್ಸಿನಲ್ಲಿದ್ದ ಹಳೆಯ ಪಟ್ಟಿಗಳನ್ನೆಲ್ಲ ಲೇಡಿ ಡಾಕ್ಟರ ಮೇಜಿನ ಮೇಲೆ ಸುರಿದು ಬಂದೆ.

ಮಾರ್ಚ್ ೧೫, ಶನಿವಾರ

ಸೀಟಿಯ ರಿಪೋರ್ಟ್: ಏನೂ ಇಲ್ಲ. "ಇನ್ನ ಬರಿಯೂದ ಬಿಡ್ರಿ" ಅಂದಳು ಡಾಕ್ಟರು. ಬರೆಯುವುದೊಂದು ಉಳಿದಿದೆ ಅಂದೆ.

ಮಾರ್ಚ್ ೧೬, ಭಾನುವಾರ

ವಾರದ ರಜೆ. ಸೀಟಿಯನ್ನು ಕರೆದುಕೊಂಡು ಸಂಗೊಳ್ಳಿಗೆ ಹೋದೆ. ಕ್ರಾಸಿನಲ್ಲಿ ಪ್ರಯಾಣಿಕಳಾಗಿ ಇಳಿದದ್ದು ಇದೇ ಮೊದಲು. ಅಲ್ಲಿಂದ ಟಂಟಂ ಆಟೊ.

ತಾಯವ್ವ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೀಟಿ ಅವಳನ್ನು ದಾಟಿ ಒಳಗೆ ಓಡಿದಳು. ಮನೆಯ ಒಂದೊಂದು ಮೂಲೆ ಮೂಸಿ, ಮಂಚದ ಕೆಳಗೆ ಮೂಸಿ, ಹೊರಗೆ ಬಂದು ನಮ್ಮಿಬ್ಬರ ನಡುವೆ ಕುಳಿತಳು. ಗೋಡೆಯಲ್ಲಿ ಪೂನಮ್ ಖಾಕಿ ಅಂಗಿಯಲ್ಲಿ ನಗುತ್ತಿದ್ದಳು. ನಾನು ಆ ಫೋಟೊಗೆ ಬೆನ್ನು ಕೊಟ್ಟು ಕುಳಿತುಕೊಳ್ಳಲು ನೋಡಿದೆ. ತಾಯವ್ವ ಚಾಪೆಯನ್ನು ಎದುರಿಗೇ ಹಾಸಿದಳು.

"ಆರಾಮ ಆತೇನ್ರಿ ಇದಕ್ಕ?"

"ಆತು. ಭಾಳ ಜಡ್ಡ ಬಿದ್ದಿತ್ತು. ಆಕೀಗ ಆದದ್ದ ಇದಕ್ಕೂ ಆಗಿತ್ತು."

ಅವಳ ಕೈ ಮೊರದ ಮೇಲೆ ನಿಂತಿತು. ನಾನು ನಿಲ್ಲಲಿಲ್ಲ. ನಿಂತರೆ ಮತ್ತೆ ನಾಲ್ಕು ತಿಂಗಳು ಹೋಗುತ್ತಿತ್ತು.

"ತಾಯಕ್ಕಾ, ಪೂನಮ್‌ಗ ನೀರ ಕುಡೀಬ್ಯಾಡ ಅಂತ ಕಲಿಸಿದಾಕಿ ನಾನ. ಉರೀತೈತಿ ಅಂತ ಬಂದಾಗ ದವಾಖಾನಿಗೆ ನಡಿ ಅನ್ನಲಿಲ್ಲ. ನಾಕ ಗುಳಿಗಿ ಕೊಟ್ನಿ, ಆಮ್ಯಾಲ ಮೂರ ಕೊಟ್ನಿ. ಅರ್ಧಾ ಕೊಟ್ರ ಹುಳ ಸಾಯೂದಿಲ್ಲಂತ. ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಾಕ ಬಂದಿಲ್ಲ. ನಾ ಕೊಟ್ನಿ ಅಂತ ಹೇಳಾಕ ಬಂದೇನಿ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಜೋಳದಲ್ಲಿದ್ದ ಒಂದು ಹರಳನ್ನು ಹೆಕ್ಕಿ ಆಚೆ ಎಸೆದಳು.

"ಊರ ಮಂದಿ ನನ್ನ ಖಾರದ ಮ್ಯಾಲ ತಪ್ಪ ಹಾಕಿದ್ರು" ಅಂದಳು. "ಆಕೀಗ ಕೆಂಪ ಖಾರ ಇಲ್ಲದ ರೊಟ್ಟಿ ಇಳೀತಿರಲಿಲ್ಲ. ದಿನಾ ಕುಟ್ಟಿ ಕಟ್ಟಿ ಕಳಸ್ತಿದ್ನ್ಯಾ. ತಾಯಿನ ಖಾರಾ ಉಣಿಸಿ ಉಣಿಸಿ ಮಗಳ ಕಿಡ್ನಿ ಸುಟ್ಲು ಅಂದ್ರು. ಹೌದನ್ನಿಸ್ತು ನನಗ. ಅವತ್ತಿಂದ ಖಾರ ಕುಟ್ಟೂ ಒಳ್ಳ ಮುಟ್ಟಿಲ್ಲ. ಉಪ್ಪ ಹಚಗೊಂಡ ರೊಟ್ಟಿ ತಿಂತೇನಿ. ನಾಕ ತಿಂಗಳ ದಿನಾ ಕುಂತ ಲೆಕ್ಕಾ ಹಾಕೇನಿ, ಯಾವ ಹಬ್ಬಕ್ಕ ಎಷ್ಟ ಖಾರ ಹಾಕಿದ್ನಿ ಅಂತ."

ಆಮೇಲೆ ಮುಖ ಎತ್ತಿದಳು. ಇದುವರೆಗೆ ಬಾಯಾರ, ನೀವು ಅನ್ನುತ್ತಿದ್ದವಳು.

"ನೀ ದಿನಾ ಎರಡ ಸಲ ನಮ್ಮ ಕ್ರಾಸ್ ದಾಟಿ ಹೊಕ್ಕಿದ್ದಿ ಅಲ್ಲನ?"

ಹುಡುಗಿಗೆ ಮಾಡಿದ್ದನ್ನಷ್ಟೇ ನನ್ನ ತಪ್ಪು ಅಂದುಕೊಂಡಿದ್ದೆ. ಈ ಹೆಂಗಸು ನಾಲ್ಕು ತಿಂಗಳು ತನ್ನ ಕೈಯನ್ನೇ ಶಂಕಿಸಿಕೊಂಡು ಕೂತಿದ್ದಳು, ನಾನು ಒಂದು ಮಾತು ಹೇಳಿದ್ದರೆ ತಪ್ಪುತ್ತಿತ್ತು ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ.

ಅವಳು ಎದ್ದು ಒಳಗೆ ಹೋದಳು. ನನ್ನ ಮುಖ ನೋಡಲಾಗದೆ ಹೋದಳು ಅಂದುಕೊಂಡು ಚಪ್ಪಲಿ ಮೆಟ್ಟಿದೆ. ತಂಬಿಗೆಯಲ್ಲಿ ನೀರು ತಂದಳು. ಮಾತಾಡಿಸಲು ಹೋದ ಮನೆಯಲ್ಲಿ ಏನೂ ಮುಟ್ಟಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಬೇಡ ಅಂದೆ.

"ಕುಡಿ."

ಎರಡು ಗುಟುಕು ಕುಡಿದು ಕೆಳಗಿಟ್ಟೆ.

"ಪೂರಾ ಕುಡಿ. ನನ್ನ ಮುಂದ ಕುಡಿ."

ಅವಳು ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದಳು. ದೊಡ್ಡ ತಂಬಿಗೆ, ಮಣ್ಣಿನ ಹರಿವಿಯ ತಣ್ಣೀರು. ಮುಗಿಯುವವರೆಗೂ ಅವಳು ಕಣ್ಣು ಕೀಳಲಿಲ್ಲ. ಮುಗಿದ ಮೇಲೆ ತಂಬಿಗೆ ಇಸಿದುಕೊಂಡು ಒಳಗೆಲ್ಲ ನೋಡಿದಳು, ಎಲ್ಲಿ ತಳದಲ್ಲಿ ಬಿಟ್ಟಿದ್ದೇನೋ ಎಂದು. ಆಗ ಅತ್ತಳು. ಗೋಡೆಗೆ ತಲೆ ಕೊಟ್ಟು, ದನಿ ತೆಗೆದು ಅತ್ತಳು. ನಾನು ಮುಟ್ಟಲು ಹೋದರೆ ಕೈ ತಳ್ಳಿದಳು. ಸೀಟಿ ಹೋಗಿ ಅವಳ ಕಾಲಿಗೆ ಒತ್ತಿ ನಿಂತಳು, ತಾಯವ್ವ ನಾಯಿಯನ್ನು ತಳ್ಳಲಿಲ್ಲ.

ನಾಲ್ಕೂವರೆಯ ಬಸ್ಸಿಗೆ ಹೊತ್ತಾಗಿತ್ತು. ಬರುತ್ತೇನೆ ಅಂದೆ. ಸೀಟಿಯ ಹಗ್ಗ ಹಿಡಿದು ಅಂಗಳ ದಾಟಿ ಓಣಿಗೆ ಬಂದಾಗ ತಾಯವ್ವ ಹಿಂದಿನಿಂದ ಕೂಗಿದಳು. ಸಿಟ್ಟು ಹಾಗೇ ಇತ್ತು ದನಿಯಲ್ಲಿ.

"ಹಿತ್ತಲದಾಗ ಪಾಯಖಾನಿ ಐತಿ. ಒಂದಕ ಹೋಗಿ ಬಸ್ ಹತ್ತು. ರಾಮದುರ್ಗ ದೂರ ಐತಿ."

ಹೋಗಿಬಂದೆ. ಅಷ್ಟರಲ್ಲಿ ಬಸ್ಸು ತಪ್ಪಿತು. ತಾಯವ್ವ ಮತ್ತೆ ಚಾಪೆ ಹಾಸಿದಳು.